ನೀರು ಅಳೆದು ಹುಲ್ಲು ಹಾಸಿ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಟ್ಟಡ ಕಾಮಗಾರಿಗೆ, ಕಾರಂಜಿಗೆ ಬಳಸುವಂತಿಲ್ಲ; ಬಳಸಿದರೆ 5,000 ರೂಪಾಯಿ ದಂಡ, ಮತ್ತೆ ಅದೇ ತಪ್ಪು ಮಾಡಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಒಪ್ಪಿಕೊಂಡಿದ್ದ ಬೇಸಿಗೆ ಅದು. 2025ರ ಫೆಬ್ರುವರಿಯಲ್ಲಿ, ಬೇಸಿಗೆ ಕಾಲಿಡುವ ಮೊದಲೇ, ಅದೇ ನಿಷೇಧ ಮತ್ತೆ ಬಂತು. ಈ ನಡುವೆ ಹೊಸ ಬಡಾವಣೆಗಳ ಮನೆ ಮುಂದೆ ಹುಲ್ಲುಹಾಸು ಹಬ್ಬುತ್ತಲೇ ಇದೆ. ಅದರ ಜೊತೆಗೆ ನೆಲದೊಳಗಿಂದ ತಲೆ ಎತ್ತುವ ಸ್ಪ್ರಿಂಕ್ಲರ್, ಮೊಬೈಲಿನಲ್ಲಿ ತಿರುಗಿಸುವ ಟೈಮರ್, ಮಳೆ ಬಂದರೆ ತಾನೇ ನಿಲ್ಲುವ ಸೆನ್ಸರ್ ಎಲ್ಲವೂ ಮಾರುಕಟ್ಟೆಗೆ ಬಂದಿವೆ.

ಹುಲ್ಲುಹಾಸೇ ಬೇಡ ಎನ್ನುವವರಿದ್ದಾರೆ. ಒಳ್ಳೆಯ ಸ್ಪ್ರಿಂಕ್ಲರ್ ಹಾಕಿಬಿಟ್ಟರೆ ನೀರಿನ ಚಿಂತೆಯೇ ಇಲ್ಲ ಎನ್ನುವವರೂ ಇದ್ದಾರೆ. ಎರಡೂ ಮಾತು ಅರ್ಧ ಸತ್ಯ. ಮಕ್ಕಳು ಉರುಳಾಡಲು, ಸಂಜೆ ನಾಲ್ಕು ಜನ ಕೂರಲು, ಅಂಗಳದ ಧೂಳು ಅಡಗಲು ಒಂದಿಷ್ಟು ಹಸಿರು ನೆಲ ಬೇಕೆನ್ನುವುದು ತಪ್ಪಲ್ಲ. ಆದರೆ ಸ್ಪ್ರಿಂಕ್ಲರ್ ನೀರನ್ನು ಹುಟ್ಟಿಸುವುದಿಲ್ಲ, ಹಂಚುತ್ತದೆ ಅಷ್ಟೆ. ಚೆನ್ನಾಗಿ ಹಂಚಿದರೆ ಉಳಿತಾಯ. ಕೆಟ್ಟದಾಗಿ ಹಂಚಿದರೆ ಕೈಯಲ್ಲಿ ಪೈಪು ಹಿಡಿದು ನಿಲ್ಲುವ ಮಾಲಿಗಿಂತ ಹೆಚ್ಚು ನೀರು ಪೋಲು. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಮನೆಯಲ್ಲಿರುವ ನೀರಿನ ಲೆಕ್ಕದಿಂದ. ಹುಲ್ಲಿನ ಅಳತೆ ಆಮೇಲೆ, ಸಾಮಾನು ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಬಹುಪಾಲು ನಡೆಯುವುದು ಇದರ ತಿರುವುಮುರುವು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಬೆಂಗಳೂರು, ಮೈಸೂರು ಸೀಮೆಯ ಏಪ್ರಿಲ್ ಬಿಸಿಲು, ಗಾಳಿಗೆ ಚೆನ್ನಾಗಿ ನೀರುಂಡ ಹಸಿರು ನೆಲದಿಂದ ದಿನಕ್ಕೆ ಸುಮಾರು 5ರಿಂದ 6 ಮಿ.ಮೀ. ನೀರು ಆವಿಯಾಗುತ್ತದೆ. ಗರಿಕೆಯಂಥ ಬಿಸಿಲುನಾಡಿನ ಹುಲ್ಲಿಗೆ ಅದರ ಮೂರನೇ ಎರಡು ಭಾಗದಷ್ಟು ಸಾಕು, ಅಂದರೆ 4 ಮಿ.ಮೀ. ಒಳಗೆ. 1,000 ಚದರಡಿ ಎಂದರೆ 93 ಚದರ ಮೀಟರ್. ಅಲ್ಲಿಗೆ ಹುಲ್ಲು ಕುಡಿಯುವುದೇ ದಿನಕ್ಕೆ 350 ಲೀಟರಿನಷ್ಟು. ಗಾಳಿಗೆ ಹಾರಿದ್ದು, ಗೋಡೆಗೆ ಬಿದ್ದದ್ದು, ಒಂದೆಡೆ ಹೆಚ್ಚು ಇನ್ನೊಂದೆಡೆ ಕಡಿಮೆಯಾದದ್ದು ಸೇರಿದರೆ 450ರಿಂದ 500 ಲೀಟರ್. ನಗರದ ನೀರು ಪೂರೈಕೆಗೆ ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಮಾನದಂಡ ದಿನಕ್ಕೆ ತಲಾ 135 ಲೀಟರ್. ಸಾವಿರ ಚದರಡಿ ಲಾನ್ ಎಂದರೆ ಬೇಸಿಗೆಯಲ್ಲಿ ಮನೆಗೆ ಮೂರೂವರೆ ಮಂದಿ ಹೆಚ್ಚುವರಿಯಾಗಿ ಬಂದಂತೆ. 6,000 ಲೀಟರಿನ ಟ್ಯಾಂಕರ್ ತರಿಸಿದರೆ ಹನ್ನೆರಡು ಹದಿಮೂರು ದಿನಕ್ಕೆ ಖಾಲಿ. ಈ ಅಂಕಿಯನ್ನು ಮನೆಯವರೆಲ್ಲ ಕೂತು ಒಮ್ಮೆ ನೋಡಿದರೆ ಲಾನಿನ ವಿಸ್ತೀರ್ಣ ತಾನಾಗಿ ಕುಗ್ಗುತ್ತದೆ. 40×60ರ ನಿವೇಶನದಲ್ಲಿ 300, ಹೆಚ್ಚೆಂದರೆ 400 ಚದರಡಿ ಹುಲ್ಲು ಸಾಕೆಂಬುದು ನನ್ನ ಅಭಿಪ್ರಾಯ. ಉಳಿದ ಜಾಗಕ್ಕೆ ಗಿಡ, ಬಳ್ಳಿ, ಕಲ್ಲುಹಾಸು. 30×40ರಲ್ಲಿ ಮನೆ ಕಟ್ಟಿ ಉಳಿಯುವ ನಾಲ್ಕಡಿ ಪಟ್ಟಿಗೆ ಹುಲ್ಲೂ ಬೇಡ, ಸ್ಪ್ರಿಂಕ್ಲರೂ ಬೇಡ. ಅಷ್ಟು ಕಿರಿದಾದ ಜಾಗಕ್ಕೆ ತುಂತುರು ಹಾರಿಸಿದರೆ ಅರ್ಧ ನೀರು ಕಾಂಪೌಂಡ್ ಗೋಡೆಗೆ ಹೋಗುತ್ತದೆ. ಅಲ್ಲಿ ಹನಿ ನೀರಾವರಿ ಪೈಪು ಎಳೆದು ಗಿಡ ಬೆಳೆಸುವುದೇ ಸರಿ.

ನೀರು ಎಲ್ಲಿಂದ ಬರಬೇಕು ಎಂಬುದು ಮುಂದಿನ ಪ್ರಶ್ನೆ. ಕಾವೇರಿ ನೀರಿನ ಸಂಪಿಗೆ ಸ್ಪ್ರಿಂಕ್ಲರ್ ಪಂಪು ಜೋಡಿಸುವುದು ನೂರಾರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ, ಶುದ್ಧೀಕರಿಸಿದ ನೀರನ್ನು ಹುಲ್ಲಿಗೆ ಸುರಿದಂತೆ. ಬೆಂಗಳೂರಿನಲ್ಲಿ 2009ರ ಕಾಯ್ದೆ ತಿದ್ದುಪಡಿ 2,400 ಚದರಡಿ ಮೇಲ್ಪಟ್ಟ ನಿವೇಶನದ ಹಳೆಯ ಮನೆಗಳಿಗೂ 1,200 ಚದರಡಿ ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಹಾಗೆ ಹಿಡಿದ ಚಾವಣಿ ನೀರು ಹುಲ್ಲಿಗೆ ಒಳ್ಳೆಯದು, ಅದರಲ್ಲಿ ಸುಣ್ಣದಂಶವೂ ಇರುವುದಿಲ್ಲ. ತೊಡಕೆಂದರೆ ಮಳೆ ಬರುವಾಗ ಹುಲ್ಲಿಗೆ ನೀರು ಬೇಡ, ಬೇಕಾದಾಗ ಮಳೆ ಇಲ್ಲ. 10,000 ಲೀಟರಿನ ತೊಟ್ಟಿ ತುಂಬಿಟ್ಟರೂ ಸಾವಿರ ಚದರಡಿಗೆ ಮೂರು ವಾರ ಬಂದರೆ ಹೆಚ್ಚು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗಳ ನಡುವಿನ ಒಣ ದಿನಗಳನ್ನು ದಾಟಲು ಚಿಕ್ಕ ಲಾನಿಗೆ ಅದು ಸಾಕಾಗಬಹುದು, ದೊಡ್ಡದಕ್ಕೆ ಸಾಲದು.

ಸಂಸ್ಕರಿಸಿದ ನೀರಿನ ಬಗ್ಗೆ ಎರಡು ಮಾತು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಂಥ ದೊಡ್ಡ ಉದ್ಯಾನಗಳು ಸಂಸ್ಕರಿಸಿದ ನೀರನ್ನು ಬಳಸುತ್ತಿವೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲೂ ತಮ್ಮದೇ ಘಟಕಗಳಿವೆ. ಈ ನೀರು ಹುಲ್ಲಿಗೆ ಒಪ್ಪುತ್ತದೆ. ಆದರೆ ಜನ ಓಡಾಡುವ ಅಂಗಳದಲ್ಲಿ ಅದನ್ನು ಗಾಳಿಗೆ ತುಂತುರಾಗಿ ಹಾರಿಸುವಾಗ ಎಚ್ಚರ ಬೇಕು. ಸರಿಯಾಗಿ ಸೋಸಿ, ಕ್ರಿಮಿಶುದ್ಧಿ ಮಾಡಿದ ನೀರಾದರೆ ಮಾತ್ರ, ಅದೂ ಯಾರೂ ಹೊರಗಿಲ್ಲದ ಬೆಳಗಿನ ಜಾವದಲ್ಲಿ. ಮನೆಯ ಬಚ್ಚಲು, ವಾಷಿಂಗ್ ಮೆಷಿನ್ ನೀರನ್ನು ಹಾಗೆಯೇ ತಿರುಗಿಸುವವರು ಸ್ಪ್ರಿಂಕ್ಲರ್ ಆಸೆ ಬಿಟ್ಟು ನೆಲದೊಳಗಿನ ಹನಿ ಪೈಪಿಗೆ ಹೋಗಬೇಕು. ಸಾಬೂನಿನ ಸೋಡಿಯಂ ವರ್ಷಗಟ್ಟಲೆ ಸೇರುತ್ತ ಹೋದರೆ ಮಣ್ಣು ಗಟ್ಟಿಯಾಗಿ ನೀರೇ ಇಳಿಯದಂತಾಗುತ್ತದೆ ಎಂಬುದನ್ನೂ ನೆನಪಿಡಬೇಕು. ನೀರು ಯಾವುದೇ ಆಗಿರಲಿ, ಕುಡಿಯುವ ನೀರಿನ ಕೊಳವೆಗೂ ಸ್ಪ್ರಿಂಕ್ಲರ್ ಕೊಳವೆಗೂ ನೇರ ಸಂಬಂಧ ಇರಕೂಡದು. ಒತ್ತಡ ಇಳಿದ ಕ್ಷಣದಲ್ಲಿ ಮಣ್ಣು, ಗೊಬ್ಬರ, ಕೀಟನಾಶಕ ಕೂಡಿದ ನೀರು ಹಿಂದಕ್ಕೆ ಎಳೆಯಲ್ಪಟ್ಟು ಅಡುಗೆಮನೆ ನಲ್ಲಿಗೆ ಬರಬಹುದು. ಅಮೆರಿಕದ ಊರುಗಳಲ್ಲಿ ಹಿಮ್ಮುಖ ಹರಿವು ತಡೆಯುವ ಸಾಧನ ಇಲ್ಲದೆ ಸ್ಪ್ರಿಂಕ್ಲರ್ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ನಮ್ಮಲ್ಲಿ ಅದನ್ನು ಕೇಳುವವರಿಲ್ಲ. ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ಪಂಪು ಇಟ್ಟುಬಿಟ್ಟರೆ ಆ ಅಪಾಯ ಬುಡದಲ್ಲೇ ಮುಗಿಯುತ್ತದೆ.

ಇನ್ನು ಒತ್ತಡ. ನಮ್ಮ ಮನೆಗಳಲ್ಲಿ ಹಾಕಿದ ಸ್ಪ್ರಿಂಕ್ಲರುಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬೀದಿ ಕೊಳವೆಯಿಂದಲೇ ಜೋರಾಗಿ ನೀರು ಬರುತ್ತದೆ. ಸ್ಪ್ರಿಂಕ್ಲರುಗಳನ್ನು ಆ ಲೆಕ್ಕ ಹಿಡಿದೇ ಮಾಡಿರುತ್ತಾರೆ. ನಮ್ಮದು ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಇಳಿಸುವ ವ್ಯವಸ್ಥೆ. ಟ್ಯಾಂಕ್ ನೆಲದಿಂದ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಒಂದು ಬಾರ್, ಪ್ಲಂಬರ್ ಮಾತಿನಲ್ಲಿ ‘ಒಂದು ಕೆ.ಜಿ. ಪ್ರೆಶರ್’. ಸ್ಪ್ರಿಂಕ್ಲರಿನ ನೀರು ಚಿಮ್ಮುವ ಭಾಗಕ್ಕೆ ತಲೆ ಎನ್ನುತ್ತಾರೆ; ಸಾಮಾನ್ಯ ಸ್ಪ್ರೇ ತಲೆ ಸರಿಯಾಗಿ ಕೆಲಸ ಮಾಡಲು 2 ಬಾರ್ ಬೇಕು. ಎಳೆಎಳೆಯಾಗಿ ತಿರುಗುತ್ತ ಚಿಮ್ಮುವ ರೋಟರಿ ನಾಝಲ್‌ಗೆ 2.8 ಬಾರ್ ಹತ್ತಿರ. ದೂರ ಎಸೆಯುವ ಗೇರ್ ರೋಟರ್‌ಗೆ 3 ಅಥವಾ ಅದಕ್ಕೂ ಹೆಚ್ಚು. ಟ್ಯಾಂಕಿನ ನೀರಿಗೆ ನೇರ ಜೋಡಿಸಿದರೆ ತಲೆ ಪೂರ್ತಿ ಮೇಲೇಳುವುದಿಲ್ಲ, ಎದ್ದರೂ ನೀರು ದೂರ ಹೋಗದೆ ಬುಡದ ಸುತ್ತಲೇ ಬೀಳುತ್ತದೆ. ‘ಮಾಲೇ ಸರಿಯಿಲ್ಲ’ ಎಂದು ಅಂಗಡಿಯವನ ಮೇಲೆ ಹಾಯುವ ಮೊದಲು ಒತ್ತಡ ಅಳೆಯುವ ಗೇಜ್ ಒಂದನ್ನು ನಲ್ಲಿಗೆ ಕಟ್ಟಿ ನೋಡಬೇಕು. ಒತ್ತಡ ಹೆಚ್ಚಾದರೂ ತೊಂದರೆಯೇ: ನೀರು ಮಂಜಿನಂತೆ ಒಡೆದು ಗಾಳಿಯಲ್ಲಿ ತೇಲಿ ಹೋಗುತ್ತದೆ. ಪಂಪು ಬಲವಾಗಿದ್ದರೆ ಒತ್ತಡ ನಿಯಂತ್ರಕ ಒಳಗೇ ಇರುವ ತಲೆಗಳನ್ನು ಕೊಳ್ಳುವುದು ಜಾಣತನ.

ಹರಿವು ತಿಳಿಯಲು 20 ಲೀಟರಿನ ಬಕೆಟ್ ಸಾಕು. ಪಂಪು ಚಾಲೂ ಮಾಡಿ, ಗೇಜ್ ಬೇಕಾದ ಒತ್ತಡ ತೋರಿಸುವಷ್ಟು ವಾಲ್ವ್ ತಿರುಗಿಸಿ ಬಕೆಟ್ ತುಂಬುವ ಹೊತ್ತು ನೋಡಬೇಕು. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 40 ಲೀಟರ್. ಅದರ ಮುಕ್ಕಾಲು ಭಾಗ, ಅಂದರೆ 30 ಲೀಟರ್ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಈಗ ತಲೆಗಳನ್ನು ಎಣಿಸಿ. ಪೂರ್ತಿ ಸುತ್ತು ಚಿಮ್ಮುವ ಸ್ಪ್ರೇ ತಲೆ ಒಂದು ಮೂರೂಮುಕ್ಕಾಲು ಮೀಟರ್ ದೂರ ಎಸೆಯಲು ನಿಮಿಷಕ್ಕೆ ಸುಮಾರು 10 ಲೀಟರ್ ನುಂಗುತ್ತದೆ. ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ರೋಟರಿ ನಾಝಲ್ 3 ಲೀಟರಿಗಿಂತ ಕಡಿಮೆಯಲ್ಲಿ ಮುಗಿಸುತ್ತದೆ. ಅದೇ ಪಂಪಿಗೆ ಒಮ್ಮೆಗೆ 3 ಸ್ಪ್ರೇ ತಲೆ, ಇಲ್ಲವೇ 10 ರೋಟರಿ. ತಲೆಗಳು ಅದಕ್ಕಿಂತ ಹೆಚ್ಚಾದರೆ ಲಾನನ್ನು ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ವಾಲ್ವ್ ಇಡಬೇಕು.

ಆಯ್ಕೆಯ ಪ್ರಶ್ನೆ ಇಲ್ಲಿಗೆ ಅರ್ಧ ತೀರ್ಮಾನವಾದಂತೆ. ಉಳಿದರ್ಧವನ್ನು ಮಣ್ಣು ತೀರ್ಮಾನಿಸುತ್ತದೆ. ಸ್ಪ್ರೇ ತಲೆ ಗಂಟೆಗೆ 40 ಮಿ.ಮೀ. ಮಳೆ ಸುರಿಸಿದಷ್ಟು ನೀರು ಹಾಕುತ್ತದೆ, ರೋಟರಿ ನಾಝಲ್ ಗಂಟೆಗೆ 10 ಮಿ.ಮೀ. ಬೆಂಗಳೂರು, ಕೋಲಾರ, ತುಮಕೂರಿನ ಮರಳುಮಿಶ್ರಿತ ಕೆಂಪು ಮಣ್ಣು ಗಂಟೆಗೆ 20ರಿಂದ 30 ಮಿ.ಮೀ. ಹೀರಬಲ್ಲದು. ಹುಬ್ಬಳ್ಳಿ, ಗದಗ, ವಿಜಯಪುರದ ಎರೆಮಣ್ಣು ನೆನೆದು ಮುಚ್ಚಿಕೊಂಡ ಮೇಲೆ 5 ಮಿ.ಮೀ. ಹೀರಿದರೆ ದೊಡ್ಡದು. ಎರೆಭೂಮಿಯ ಅಂಗಳಕ್ಕೆ ಸ್ಪ್ರೇ ತಲೆ ಹಾಕಿದರೆ ಹತ್ತು ನಿಮಿಷದಲ್ಲಿ ನೀರು ಗೇಟಿನಾಚೆ ಹರಿಯುತ್ತದೆ, ಬೇರಿನ ಬಳಿ ಮಣ್ಣು ಒಣಗಿಯೇ ಇರುತ್ತದೆ. ಹೊಸ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ. ಮನೆ ಕಟ್ಟುವಾಗ ಲಾರಿ, ಜೆಸಿಬಿ ಓಡಾಡಿ, ಸಿಮೆಂಟು ಬೆರೆತು ನೆಲ ಕಲ್ಲಾಗಿರುತ್ತದೆ. ಅದರ ಮೇಲೆ ಮೂರಂಗುಲ ಕೆಮ್ಮಣ್ಣು ಹರಡಿ ಹುಲ್ಲು ಹಾಸಿಬಿಡುತ್ತಾರೆ. ಮೊದಲು ಅಡಿ ಆಳ ಅಗೆದು, ಕೊಟ್ಟಿಗೆ ಗೊಬ್ಬರ ಸೇರಿಸಿ ಮಣ್ಣನ್ನು ಸಡಿಲಿಸದಿದ್ದರೆ ಯಾವ ಸ್ಪ್ರಿಂಕ್ಲರೂ ಆ ಹುಲ್ಲನ್ನು ಉಳಿಸಲಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಕರ್ನಾಟಕದ ಮನೆಯಂಗಳಗಳಿಗೆ ನಿಧಾನವಾಗಿ ನೀರುಣಿಸುವ ರೋಟರಿ ನಾಝಲ್ಲೇ ಮೊದಲ ಆಯ್ಕೆ. ಬೆಲೆ ಸ್ವಲ್ಪ ಹೆಚ್ಚು, ಓಡುವ ಹೊತ್ತೂ ಹೆಚ್ಚು, ಆದರೆ ಗಾಳಿಗೆ ಅಷ್ಟಾಗಿ ಹಾರುವುದಿಲ್ಲ, ಸಣ್ಣ ಪಂಪಿಗೂ ಹೊಂದುತ್ತದೆ.

ಟಕ್‌ಟಕ್ ಸದ್ದಿನ ಹಿತ್ತಾಳೆ ಸ್ಪ್ರಿಂಕ್ಲರ್ ನಮ್ಮ ರೈತರಿಗೆಲ್ಲ ಗೊತ್ತು. ಕ್ಯಾಲಿಫೋರ್ನಿಯಾದ ಗ್ಲೆಂಡೋರಾ ಎಂಬ ಕಿತ್ತಳೆ, ನಿಂಬೆ ತೋಟಗಳ ಊರಿನಲ್ಲಿ ಆರ್ಟನ್ ಎಂಗಲ್‌ಹಾರ್ಟ್ ಎಂಬಾತ 1933ರಲ್ಲಿ ರೂಪಿಸಿದ್ದು ಅದು. ರೇನ್ ಬರ್ಡ್ ಕಂಪನಿ ಹುಟ್ಟಿದ್ದೇ ಅದರಿಂದ. ಶೇಂಗಾ ಹೊಲದಲ್ಲಿ, ಹೂಮಳೆ ಕೈಕೊಟ್ಟ ವರ್ಷ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅದೇ ತತ್ವದ ಸ್ಪ್ರಿಂಕ್ಲರುಗಳು ದುಡಿಯುತ್ತವೆ. ಅಗ್ಗ, ಗಟ್ಟಿ, ರಿಪೇರಿ ಸುಲಭ. ಆದರೂ ಅದು ಹೊಲದ ಸಾಮಾನು. ಹತ್ತು ಹನ್ನೆರಡು ಮೀಟರ್ ಎಸೆಯುವ ತಲೆಯನ್ನು ಇಪ್ಪತ್ತಡಿ ಅಂಗಳದಲ್ಲಿ ನಿಲ್ಲಿಸಿದರೆ ನೀರು ರಸ್ತೆಗೂ ಪಕ್ಕದ ಮನೆ ಕಿಟಕಿಗೂ ಬೀಳುತ್ತದೆ. ಫಾರ್ಮ್‌ಹೌಸಿನ ಅರ್ಧ ಎಕರೆ ಹುಲ್ಲಿಗಾದರೆ ಸರಿ.

ಜೋಡಣೆಯಲ್ಲಿ ತಪ್ಪದೆ ಪಾಲಿಸಬೇಕಾದ ನಿಯಮ ಒಂದಿದೆ: ಒಂದು ತಲೆಯ ನೀರು ಪಕ್ಕದ ತಲೆಯ ಬುಡ ಮುಟ್ಟಬೇಕು. ಯಾವ ತಲೆಯೂ ತನ್ನ ಸುತ್ತೆಲ್ಲ ಒಂದೇ ಸಮ ನೀರು ಹಾಕುವುದಿಲ್ಲ. ಅಂಚಿಗೆ ಹೋದಷ್ಟೂ ತೆಳು. ಆ ತೆಳುವನ್ನು ಪಕ್ಕದ ತಲೆ ತುಂಬಿಕೊಡಬೇಕು. ನಾಲ್ಕು ಮೀಟರ್ ಎಸೆಯುವ ತಲೆಗಳ ನಡುವೆ ನಾಲ್ಕೇ ಮೀಟರ್ ಅಂತರ ಎಂದಾಗ ಪ್ಲಂಬರ್ ‘ಎಂಟು ಮೀಟರಿಗೆ ಒಂದು ಸಾಕು ಸಾರ್’ ಎನ್ನುತ್ತಾರೆ. ಒಪ್ಪಬೇಡಿ. ಹಾಗೆ ಉಳಿಸಿದ ನಾಲ್ಕು ತಲೆಗಳ ದುಡ್ಡು ಒಂದೇ ಬೇಸಿಗೆಯ ನೀರಿನಲ್ಲಿ ಹೋಗುತ್ತದೆ, ಏಕೆಂದರೆ ನಡುವಿನ ಒಣಗಿದ ತೇಪೆಯನ್ನು ಹಸಿರು ಮಾಡಲು ಇಡೀ ಲಾನಿಗೆ ಇಮ್ಮಡಿ ಹೊತ್ತು ನೀರು ಬಿಡಬೇಕಾಗುತ್ತದೆ. ಮೂಲೆಯಿಂದ ಶುರು ಮಾಡಿ ಅಂಚು, ಆಮೇಲೆ ಬೇಕಾದರೆ ನಡುವೆ, ಈ ಕ್ರಮದಲ್ಲಿ ಸುಣ್ಣದ ಪುಡಿಯಿಂದ ನೆಲದ ಮೇಲೆ ಗುರುತು ಹಾಕಿಕೊಂಡರೆ ತಪ್ಪುವುದಿಲ್ಲ. ಒಂದೇ ವಾಲ್ವಿನ ಮೇಲೆ ಸ್ಪ್ರೇ, ರೋಟರಿ ಬೆರೆಸಬಾರದು. ಒಂದು ಕಡೆ ಕೆಸರು, ಇನ್ನೊಂದು ಕಡೆ ಬರ.

ಉಳಿದ ಕೆಲಸ ಬೇಗ ಮುಗಿಯುತ್ತದೆ. ಒಂದಡಿಯೊಳಗಿನ ಆಳದ ಕಾಲುವೆ, ಅದರಲ್ಲಿ 32 ಮಿ.ಮೀ. ಪಿವಿಸಿ ಪೈಪು, ತಲೆಗೂ ಪೈಪಿಗೂ ನಡುವೆ ಬಾಗುವ ತುಂಡು. ಆ ತುಂಡು ಇಲ್ಲದಿದ್ದರೆ ಹುಲ್ಲು ಕತ್ತರಿಸುವ ಯಂತ್ರ ಹತ್ತಿದಾಗ ತಲೆಯ ಜೊತೆ ಪೈಪಿನ ಜೋಡಣೆಯೂ ಮುರಿಯುತ್ತದೆ. ಎಲ್ಲ ತಲೆ ಕೂರಿಸುವ ಮುನ್ನ ಪೈಪಿನ ಕೊನೆ ಬಿಚ್ಚಿಟ್ಟು ನೀರು ಹಾಯಿಸಿ, ಒಳಗೆ ಸೇರಿದ ಮಣ್ಣು, ಪಿವಿಸಿ ಚೂರು ಹೊರಹೋಗುವಂತೆ ಮಾಡಬೇಕು. ಕಾಲುವೆ ಮುಚ್ಚುವ ಮುನ್ನ ಅಳತೆ ಟೇಪು ಕಾಣುವಂತೆ ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಬೇಕು. ಮುಂದೆ ಗಿಡ ನೆಡುವಾಗ ಹಾರೆ ಎಲ್ಲಿ ಹಾಕಬಾರದೆಂದು ಅದೇ ಹೇಳುತ್ತದೆ. ಬೋರ್‌ವೆಲ್ ನೀರಾದರೆ ಪಂಪಿನ ನಂತರ 120 ಮೆಶ್‌ನ ಫಿಲ್ಟರ್ ಇರಲೇಬೇಕು. ಕೆಲವರು ಫಿಲ್ಟರ್ ಬಿಟ್ಟು ಮೊಬೈಲ್ ಆ್ಯಪ್ ಇರುವ ಟೈಮರ್‌ಗೆ ದುಡ್ಡು ಸುರಿಯುತ್ತಾರೆ. ನನ್ನನ್ನು ಕೇಳಿದರೆ ಮೊದಲು ಫಿಲ್ಟರ್, ಆಮೇಲೆ ಒತ್ತಡ ಸರಿಪಡಿಸುವುದು, ನಂತರ ಮಳೆ ಸೆನ್ಸರ್, ಕೊನೆಗೆ ಆ್ಯಪ್.

ಟೈಮರ್ ಬೇಡವೆಂದಲ್ಲ. ಬೆಳಗಿನ ಜಾವ ನಾಲ್ಕರಿಂದ ಆರರ ನಡುವೆ ಗಾಳಿ ಕಡಿಮೆ, ಬಿಸಿಲಿಲ್ಲ, ನೀರುಂಡ ಎಲೆ ಸೂರ್ಯ ಏರುತ್ತಿದ್ದಂತೆ ಒಣಗುತ್ತದೆ. ಸಂಜೆ ನೀರು ಹಾಕಿದರೆ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ಶಿಲೀಂಧ್ರ ರೋಗಕ್ಕೆ ದಾರಿ. ನಾಲ್ಕಕ್ಕೆ ಎದ್ದು ವಾಲ್ವ್ ತಿರುಗಿಸುವವರು ಯಾರು? ಅದಕ್ಕೆ ಟೈಮರ್ ಬೇಕು. ಕರೆಂಟು ಹೋದರೂ ಹಾಕಿದ ಹೊತ್ತನ್ನು ಮರೆಯದ ಟೈಮರನ್ನೇ ಆರಿಸಬೇಕು. ವಾಲ್ವಿಗೆ 24 ವೋಲ್ಟ್ ತಂತಿ ಎಳೆಯಲಾಗದ ಕಡೆ ಬ್ಯಾಟರಿಯದ್ದು ಸಿಗುತ್ತದೆ. ಟೈಮರ್ ಇರುವ ಮನೆಯಲ್ಲಿ ಹೆಚ್ಚು ನೀರು ಪೋಲಾಗುವುದೂ ಅದರಿಂದಲೇ. ಏಪ್ರಿಲ್‌ನಲ್ಲಿ ಹಾಕಿದ ಹೊತ್ತನ್ನು ಆಗಸ್ಟ್‌ನಲ್ಲೂ ಯಾರೂ ಬದಲಿಸುವುದಿಲ್ಲ. ಜಡಿಮಳೆಯಲ್ಲೂ ಸ್ಪ್ರಿಂಕ್ಲರ್ ಓಡುವ ಅಂಗಳಗಳನ್ನು ನಾವೆಲ್ಲ ನೋಡಿದ್ದೇವೆ, ನೋಡಿ ಸುಮ್ಮನಿದ್ದೇವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಅಲ್ಲಿನ ಮನೆಗಳ ಹೊರಾಂಗಣಕ್ಕೆ ಬಳಕೆಯಾಗುವ ನೀರಿನಲ್ಲಿ ಅರ್ಧದವರೆಗೂ ಗಾಳಿಗೆ ಹಾರಿ, ಆವಿಯಾಗಿ, ಹರಿದು ಪೋಲಾಗುತ್ತದೆ. ನೆವಾಡಾ ರಾಜ್ಯ 2021ರಲ್ಲಿ ಕಾನೂನು ಮಾಡಿ, ಲಾಸ್ ವೇಗಸ್ ಸೀಮೆಯಲ್ಲಿ ಬರೀ ಅಂದಕ್ಕೆ ಬೆಳೆಸಿದ ಸಾರ್ವಜನಿಕ, ವಾಣಿಜ್ಯ ಜಾಗಗಳ ಹುಲ್ಲಿಗೆ 2026 ಮುಗಿದ ಮೇಲೆ ಕೊಲೊರಾಡೊ ನದಿ ನೀರು ಕೊಡುವುದಿಲ್ಲವೆಂದಿತು. ಸ್ಪ್ರಿಂಕ್ಲರನ್ನು ಮನೆಮನೆಗೂ ಮುಟ್ಟಿಸಿದ ದೇಶದ ಅನುಭವ ಇದು.

ನೀರು ಎಷ್ಟು ಹೊತ್ತು ಬಿಡಬೇಕೆಂದು ಪುಸ್ತಕ ನೋಡುವುದಕ್ಕಿಂತ ಅಳೆದು ನೋಡುವುದು ಲೇಸು. ಒಂದೇ ಅಳತೆಯ, ನೇರ ಬದಿಯ ಹತ್ತು ಹನ್ನೆರಡು ಡಬ್ಬಿಗಳನ್ನು ಲಾನಿನ ಮೇಲೆ ಅಲ್ಲಲ್ಲಿ ಇಟ್ಟು 15 ನಿಮಿಷ ಸ್ಪ್ರಿಂಕ್ಲರ್ ಓಡಿಸಿ, ಪ್ರತಿಯೊಂದರಲ್ಲೂ ಎಷ್ಟು ಮಿ.ಮೀ. ನಿಂತಿದೆ ಎಂದು ಸ್ಕೇಲು ಹಿಡಿದು ನೋಡಿ. ಸರಾಸರಿಯನ್ನು ನಾಲ್ಕರಿಂದ ಗುಣಿಸಿದರೆ ಗಂಟೆಯ ಲೆಕ್ಕ. ಅತಿ ಕಡಿಮೆ ನೀರು ಬಿದ್ದ ಕಾಲುಭಾಗ ಡಬ್ಬಿಗಳ ಸರಾಸರಿ ಒಟ್ಟು ಸರಾಸರಿಯ ಶೇ. 70ರಷ್ಟಿದ್ದರೆ ಜೋಡಣೆ ಚೆನ್ನಾಗಿದೆ, ಶೇ. 50ಕ್ಕೆ ಇಳಿದರೆ ತಲೆಗಳ ಜಾಗವೋ ಒತ್ತಡವೋ ತಪ್ಪಿದೆ. ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡುವ ಮುನ್ನ ಈ ಪರೀಕ್ಷೆ ಅವರ ಎದುರಿಗೇ ನಡೆಯಬೇಕು. ದಿನವೂ 4 ಮಿ.ಮೀ. ಚಿಮುಕಿಸುವುದಕ್ಕಿಂತ ನಾಲ್ಕು ದಿನಕ್ಕೊಮ್ಮೆ 15 ಮಿ.ಮೀ. ಉಣಿಸಿದರೆ ಬೇರು ಆಳಕ್ಕಿಳಿಯುತ್ತದೆ. ಎರೆಮಣ್ಣಿನಲ್ಲಿ, ಇಳಿಜಾರಿನಲ್ಲಿ ಆ 15 ಮಿ.ಮೀ. ಅನ್ನು ಮೂರು ನಾಲ್ಕು ಕಂತು ಮಾಡಿ, ನಡುವೆ ನೀರು ಇಂಗಲು ಬಿಡುವು ಕೊಡಬೇಕು. ಸ್ಕ್ರೂಡ್ರೈವರ್ ಸರಾಗವಾಗಿ ಅರ್ಧ ಅಡಿ ಇಳಿದರೆ ನೀರು ತಲುಪಿದೆ ಎಂದರ್ಥ.

ನಿರ್ವಹಣೆ ಎಂದರೆ ಬಹುಪಾಲು ಕಣ್ಣಿಟ್ಟು ನೋಡುವುದು. ನಸುಕಿನಲ್ಲಿ ಓಡುವ ವ್ಯವಸ್ಥೆಯನ್ನು ಯಾರೂ ನೋಡುವುದಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಹಗಲಲ್ಲಿ ಒಂದೊಂದು ವಾಲ್ವ್ ತೆರೆದು ಸುತ್ತಾಡಬೇಕು. ವಾಲಿದ ತಲೆ, ಮಣ್ಣಿನಲ್ಲಿ ಹೂತ ತಲೆ, ಹುಲ್ಲು ಮುಚ್ಚಿದ ನಾಝಲ್, ಬುಡದಿಂದ ಜಿನುಗುವ ನೀರು ಎಲ್ಲ ಹತ್ತು ನಿಮಿಷದಲ್ಲಿ ಕಾಣುತ್ತವೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನಕ್ಕೆ ನಾಝಲ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಪಿನ್ನು, ಸೂಜಿ ಹಾಕಿ ಕೆದಕಿದರೆ ತೂತು ಅಗಲವಾಗಿ ನಾಝಲ್ ಕೆಟ್ಟಂತೆಯೇ. ಬಿಚ್ಚಿ ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿ ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದರೆ ಸಾಕು. ಫಿಲ್ಟರ್ ಜಾಲರಿಯನ್ನು ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೊಳೆಯಬೇಕು. ಸ್ವಿಚ್ ಆರಿಸಿದ ಮೇಲೂ ಒಂದು ಭಾಗದಲ್ಲಿ ನೀರು ನಿಲ್ಲದಿದ್ದರೆ ವಾಲ್ವಿನ ರಬ್ಬರ್ ಪರದೆಯಡಿ ಮರಳಿನ ಕಣ ಸಿಕ್ಕಿರುತ್ತದೆ. ಹೊಸ ವಾಲ್ವ್ ತರುವ ಮೊದಲು ಬಿಚ್ಚಿ ತೊಳೆದು ನೋಡಿ. ಇಳಿಜಾರಿನ ತಗ್ಗಿನ ತಲೆಯಿಂದ ಮಾತ್ರ ಪ್ರತಿಸಲ ನೀರು ಸೋರಿ ಕೆಸರಾಗುತ್ತಿದ್ದರೆ ಅದು ಒಡಕಲ್ಲ, ಪೈಪಿನಲ್ಲಿ ಉಳಿದ ನೀರು ಖಾಲಿಯಾಗುವುದು. ಚೆಕ್ ವಾಲ್ವ್ ಇರುವ ತಲೆ ಅಲ್ಲಿಗೆ ಪರಿಹಾರ. ಟೆಕ್ಸಸ್‌ನಿಂದ ನ್ಯೂಜೆರ್ಸಿವರೆಗೆ ಹರಡಿರುವ ನಮ್ಮವರಿಗೆ ಇದರ ಮೇಲೊಂದು ಕೆಲಸ: ಚಳಿಗಾಲಕ್ಕೆ ಮುನ್ನ ಪೈಪಿನ ನೀರನ್ನೆಲ್ಲ ಹೊರಹಾಕುವುದು. ಹಿಮ ಬೀಳುವ ಊರುಗಳಲ್ಲಿ ಕಂಪ್ರೆಸರಿನ ಗಾಳಿ ಊದಿಸದಿದ್ದರೆ ನೀರು ಹೆಪ್ಪುಗಟ್ಟಿ ಪೈಪು, ವಾಲ್ವ್ ಸೀಳುತ್ತವೆ. ನಮ್ಮಲ್ಲಿ ಆ ಕಾಟವಿಲ್ಲ. ಬದಲಿಗೆ ಮಳೆಗಾಲವಿಡೀ ನಿಂತ ವ್ಯವಸ್ಥೆಯೊಳಗೆ ಇರುವೆ ಗೂಡು ಕಟ್ಟುತ್ತದೆ, ಹೆಗ್ಗಣ ತಂತಿ ಕಡಿಯುತ್ತದೆ. ದೀಪಾವಳಿ ಕಳೆದು ಹಿಂಗಾರು ಹಿಂದೆ ಸರಿದಾಗ ಮೊದಲ ಸಲ ಓಡಿಸುವ ಮುನ್ನ ಕೊನೆಯ ಮುಚ್ಚಳ ತೆಗೆದು ಪೈಪು ತೊಳೆಯುವುದನ್ನು ರೂಢಿ ಮಾಡಿಕೊಳ್ಳಬೇಕು.

ಕೊನೆಗೆ, ನೀರೇ ಇಲ್ಲದ ಬೇಸಿಗೆ ಬಂದರೆ? ಆಗ ಟ್ಯಾಂಕರ್ ತರಿಸಬೇಡಿ. ನೆರಳಿಗೆಂದು ಹಾಕುವ ಅಗಲ ಎಲೆಯ ಕಾರ್ಪೆಟ್ ಹುಲ್ಲು ಬಾಯಾರಿಕೆ ತಡೆಯದು, ಅದನ್ನು ಇಲ್ಲಿ ಹಾಕದಿರುವುದೇ ಒಳ್ಳೆಯದು. ಗರಿಕೆ ಮತ್ತು ಅದರ ಜಾತಿಯ ಲಾನ್ ಹುಲ್ಲು ಮಾತ್ರ ಹಾಗಲ್ಲ. ನೀರು ನಿಂತರೆ ಎಲೆ ಕಂದಾಗಿ ಒಣಗಿದಂತೆ ಕಾಣುತ್ತದೆ, ನೆಲದೊಳಗಿನ ಗೆಣ್ಣು ಜೀವ ಹಿಡಿದಿರುತ್ತದೆ. ಆ ಗೆಣ್ಣು ಸಾಯದಂತೆ ಮೂರು ವಾರಕ್ಕೊಮ್ಮೆ 12 ಮಿ.ಮೀ. ಕೊಟ್ಟರೆ ಸಾಕು. 300 ಚದರಡಿಗೆ ಅದು ಒಂದು ಸಲಕ್ಕೆ 350 ಲೀಟರ್ ಆಸುಪಾಸು. ತರಕಾರಿ, ಅಕ್ಕಿ ತೊಳೆದ ನೀರನ್ನು ಹೂಕುಂಡಕ್ಕೆ ಬಿಟ್ಟು, ಕೂಡಿಟ್ಟ ಮಳೆನೀರನ್ನು ಇದಕ್ಕೆ ಮೀಸಲಿಟ್ಟರೆ ನಡೆಯುತ್ತದೆ. ಆ ಅವಧಿಯಲ್ಲಿ ಹುಲ್ಲನ್ನು ಕತ್ತರಿಸಬಾರದು, ಗೊಬ್ಬರ ಹಾಕಬಾರದು, ಮೇಲೆ ಓಡಾಡಬಾರದು. ಟೈಮರನ್ನು ಆರಿಸಿ, ನೀರು ಬಿಡುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೇ ತಿಂಗಳ ಎರಡು ಮೂರು ಒಳ್ಳೆಯ ಮಳೆ ಬಿದ್ದ ವಾರದೊಳಗೆ ಗೆಣ್ಣುಗಳಲ್ಲಿ ಹೊಸ ಚಿಗುರು ಕಾಣಿಸದ ತೇಪೆ ಇದ್ದರೆ, ಅಲ್ಲಿಗೆ ಮಾತ್ರ ಪಕ್ಕದ ಹುಲ್ಲಿನ ತುಂಡು ಕಿತ್ತು ನೆಟ್ಟರಾಯಿತು.